ಮೂರನೇ ಮಹಡಿಯ ಹಿಂಬಾಗಿಲು

ಬಾಗಿಲಿಗೆ ಬೀಗ ಹಾಕುವುದು ಕಳ್ಳರು ಒಳಗೆ ಬಾರದಿರಲಿ ಎಂದು. ಇದು ಚಿಕ್ಕ ಮಕ್ಕಳಿಗೂ ಗೊತ್ತಿರುವ ಮಾತು. ಆದರೆ ಆ ಬಟ್ಟೆ ಕಾರ್ಖಾನೆಯ ಮೂರನೇ ಮಹಡಿಯಲ್ಲಿ ಹಿಂಬಾಗಿಲಿಗೆ ಬೀಗ ಬಿದ್ದದ್ದು ಒಳಗಿದ್ದವರು ಹೊರಗೆ ಹೋಗದಿರಲಿ ಎಂದು. ಹೆಂಗಸರು ಟೀ ನೆಪದಲ್ಲಿ ಹಿಂದಿನ ಮೆಟ್ಟಿಲಿಳಿದು ಹೊತ್ತು ಕಳೆಯುತ್ತಾರೆ, ಹೋಗುವಾಗ ಚೀಲದಲ್ಲಿ ಒಂದೊಂದು ಅಂಗಿ ತುರುಕಿಕೊಳ್ಳುತ್ತಾರೆ ಎಂದು ಮ್ಯಾನೇಜರಿಗೆ ಅನುಮಾನ. ಇನ್ನೂರು ಜನರ ಮೇಲೆ ಅನುಮಾನಪಡುವುದಕ್ಕೆ ಖರ್ಚಿಲ್ಲ, ಒಂದು ಬಾಗಿಲಿಗೆ ಕಾವಲುಗಾರನನ್ನು ಇಡುವುದಕ್ಕೆ ಖರ್ಚಿದೆ. ಹಾಗಾಗಿ ಬೀಗ. ಬೀಗದ ಮುಂದೆ ಆಳೆತ್ತರಕ್ಕೆ ಬಟ್ಟೆಯ ಮೂಟೆಗಳು.

ಆ ಕಾರ್ಖಾನೆಯಲ್ಲಿ ಹದಿನೆಂಟು ವರ್ಷದಿಂದ ದುಡಿಯುತ್ತಿದ್ದವಳು ಚೆಕಿಂಗ್ ಅಕ್ಕ. ಎರಡನೇ ಮಹಡಿಯಲ್ಲಿ ಟ್ಯೂಬ್‌ಲೈಟಿನ ಕೆಳಗೆ ಅವಳ ಮೇಜು. ಹೊಲಿದ ಪ್ರತಿ ಅಂಗಿಯೂ ಅವಳ ಕೈ ದಾಟಿಯೇ ಹೋಗಬೇಕು. ಅಂಗಿಯನ್ನು ಒಳಮೈ ಹೊರಗೆ ಮಾಡಿ, ಕಾಲರ್ ಎಳೆದು, ತೋಳಿನ ಪಟ್ಟಿ ಮಡಿಸಿ, ಗುಂಡಿಮನೆಗೆ ಬೆರಳು ಹಾಕಿ ನೋಡುವಳು. ಸರಿಯಿದ್ದರೆ ಜೇಬಿನೊಳಗೆ ಹದಿನಾಲ್ಕು ಎಂಬ ಸಂಖ್ಯೆಯ ಪುಟ್ಟ ಚೀಟಿ ಅಂಟಿಸುವಳು. ಆ ಚೀಟಿ ಅವಳ ಮಾತು. ಕಣ್ಣಾರೆ ನೋಡದ ಅಂಗಿಗೆ ಅವಳು ಹದಿನೆಂಟು ವರ್ಷದಲ್ಲಿ ಒಮ್ಮೆಯೂ ಚೀಟಿ ಅಂಟಿಸಿದವಳಲ್ಲ. ಅವಳ ಗಂಡ ಬಸ್ ಕಂಡಕ್ಟರ್. ಬೆಳಿಗ್ಗೆ ಡ್ಯೂಟಿಗೆ ಹೊರಟ ಗಂಡನನ್ನು ಬಾಗಿಲಲ್ಲಿ ನಿಲ್ಲಿಸಿ ಕಾಲರ್ ಮಗುಚಿ ನೋಡುತ್ತಾಳೆ, ಎಂದಾದರೂ ಒಂದು ದಿನ ಅವನ ಜೇಬಿಗೂ ಚೀಟಿ ಅಂಟಿಸಿಬಿಡುತ್ತಾಳೆ ಎಂದು ಬೀದಿಯವರು ನಗುತ್ತಿದ್ದರು.

ಅವಳ ಒಬ್ಬಳೇ ಮಗಳು ಅದೇ ಕಾರ್ಖಾನೆಯ ಮೂರನೇ ಮಹಡಿಯಲ್ಲಿ ಗುಂಡಿ ಹೊಲಿಯುತ್ತಿದ್ದಳು. ಚಿಕ್ಕಂದಿನಲ್ಲಿ ಬಂದ ಜ್ವರ ಹುಡುಗಿಯ ಎಡಗಾಲನ್ನು ಸೊರಗಿಸಿ ಹೋಗಿತ್ತು. ಕೈ ಮಾತ್ರ ಮಿಷನ್ನಿಗಿಂತ ಚುರುಕು. ಮೆಟ್ಟಿಲಿಳಿಯುವಾಗ ಕಂಬಿ ಹಿಡಿದು, ಒಂದೊಂದು ಮೆಟ್ಟಿಲಿಗೂ ಎರಡೂ ಪಾದ ಊರಿ ಇಳಿಯಬೇಕು. ಎಲ್ಲರೂ ಇಳಿದ ಮೇಲೆ ಅವಳು ಇಳಿಯುವುದು ರೂಢಿಯಾಗಿತ್ತು.

ಒಂದು ಮಧ್ಯಾಹ್ನ ಮೂರನೇ ಮಹಡಿಯ ಇಸ್ತ್ರಿ ಮೇಜಿನ ಹತ್ತಿರ ವಯರು ಸುಟ್ಟು ಹೊಗೆ ಎದ್ದಿತು. ಹೊಗೆ ಕಂಡರೆ ಯಾರು ನಿಲ್ಲುತ್ತಾರೆ? ಹಿಂಬಾಗಿಲ ಹತ್ತಿರ ಕೂತಿದ್ದವರು ಹಿಂಬಾಗಿಲಿಗೆ ಓಡಿದರು. ಮೂಟೆಗಳನ್ನು ಎಳೆದಾಡಿ, ಬೀಗ ಕಂಡು, ವಾಪಸು ತಿರುಗಿ ಮುಂದಿನ ಮೆಟ್ಟಿಲಿಗೆ ನುಗ್ಗಿದರು. ಅಷ್ಟರಲ್ಲಿ ಮುಂದಿನ ಮೆಟ್ಟಿಲಲ್ಲಿ ಕಾಲಿಡಲು ಜಾಗವಿರಲಿಲ್ಲ. ಹುಡುಗಿ ತಿರುವಿನಲ್ಲಿ ಬಿದ್ದಳು. ಅವಳ ಮೇಲೆ ಹಾದುಹೋದವರೆಲ್ಲ ಅವಳ ಗೆಳತಿಯರೇ. ಬೇಕೆಂದು ತುಳಿದವರು ಯಾರೂ ಇಲ್ಲ. ಇಸ್ತ್ರಿಯವನು ಮೇನ್ ಸ್ವಿಚ್ ಇಳಿಸಿ ಮರಳು ಸುರಿದದ್ದರಿಂದ ಬೆಂಕಿ ಅಲ್ಲಿಗೇ ಆರಿತು. ಅರ್ಧ ಗಂಟೆಯಲ್ಲಿ ಮಿಷನ್ನುಗಳು ಮತ್ತೆ ಶುರುವಾದವು. ಹುಡುಗಿಯ ಮಣಿಕಟ್ಟು ಮುರಿದಿತ್ತು.

ಮರುದಿನ ಚೆಕಿಂಗ್ ಅಕ್ಕ ನೇರವಾಗಿ ಮ್ಯಾನೇಜರ್ ಕೋಣೆಗೆ ಹೋದಳು. ಹಿಂಬಾಗಿಲ ಬೀಗ ತೆಗೆಸಿ ಎಂದಳು. ಬೆಂಕಿ ಇಲಾಖೆಯವರು ವರ್ಷ ವರ್ಷ ಬಂದು ತಪಾಸಣೆ ಮಾಡಿ ಹೋಗುತ್ತಾರೆ, ಎಲ್ಲ ಸರಿಯಾಗಿದೆ ಎಂದು ಬರೆದುಕೊಟ್ಟಿದ್ದಾರೆ, ಕಾಗದವಿದೆ ಎಂದ ಮ್ಯಾನೇಜರ್. ಹಾಗಾದರೆ ಆ ಕಾಗದ ತೋರಿಸಿ ಎಂದಳು.

"ಆ ಕಾಗದ ನಿನಗ್ಯಾಕಮ್ಮ? ನಿನ್ನ ಕೆಲಸ ದಾರ ನೋಡೋದು. ಅದನ್ನ ನೋಡು, ಸಾಕು."

ಅವಳು ಹೊರಬಂದಳು. ಆದರೆ ಆ 'ನಿನಗ್ಯಾಕಮ್ಮ' ಎಂಬ ಮಾತು ಗಂಟಲಿಗೆ ಸಿಕ್ಕ ಮುಳ್ಳಿನಂತೆ ಒಳಗೇ ಉಳಿಯಿತು. ಸತ್ತರೆ ಸಾಯುವವರು ನಾವು, ನಮಗ್ಯಾಕೆ ಅಂದರೆ ಇನ್ಯಾರಿಗೆ?

ಮನೆಯಲ್ಲಿ ಗಂಡನಿಗೆ ಹೇಳಿದಳು. ಮೂವತ್ತು ವರ್ಷ ಜನರನ್ನು ಬಸ್ಸಿನೊಳಗೆ ದಬ್ಬಿದ ಮನುಷ್ಯ ಅವನು. ಯಾವ ಮಾತಿಗೂ 'ಮುಂದೆ ಹೋಗ್ತಾ ಇರಬೇಕು' ಎನ್ನುವುದೇ ಅವನ ವೇದಾಂತ. ಹುಡುಗಿಯ ಪ್ಲಾಸ್ಟರ್ ಹಾಕಿದ ಕೈ ನೋಡಿ ಅವನ ಕಣ್ಣಲ್ಲೂ ನೀರಿತ್ತು, ಸುಳ್ಳು ಹೇಳಬಾರದು. ಆದರೆ ಭಯ ಅದಕ್ಕಿಂತ ದೊಡ್ಡದಿತ್ತು.

"ಕಂಪನಿ ಕಾಗದ ಕಂಪನಿ ಹತ್ರ ಇರುತ್ತೆ, ಸರ್ಕಾರದ ಕಾಗದ ಸರ್ಕಾರದ ಹತ್ರ ಇರುತ್ತೆ" ಎಂದ. "ನಮ್ಮ ಹತ್ರ ಇರೋದು ಕರೆಂಟ್ ಬಿಲ್ಲು. ಅದನ್ನ ಕಟ್ಟಿ ಸುಮ್ನಿರೋಣ ಕಣೇ. ಇರೋ ಕೆಲಸ ಕಳ್ಕೊಂಡು ಏನ್ ಮಾಡ್ತೀಯ?"

ಅವಳು ಸುಮ್ಮನಿರಲಿಲ್ಲ. ಬೆಂಕಿ ಇಲಾಖೆಗೆ ತಾನೇ ಒಂದು ಪತ್ರ ಬರೆದಳು. ನಾಲ್ಕು ಪುಟ. ಮಗಳ ಕಾಲಿನ ಕಥೆ, ಮ್ಯಾನೇಜರನ ಉದ್ಧಟತನ, ಬಡವರ ಕಷ್ಟ, ಎಲ್ಲವನ್ನೂ ತೋಡಿಕೊಂಡಳು. ಕೊನೆಯಲ್ಲಿ 'ನಮ್ಮ ಕಟ್ಟಡ ಸುರಕ್ಷಿತವಾಗಿದೆಯೇ, ದಯವಿಟ್ಟು ತಿಳಿಸಿ' ಎಂದು ಕೈಮುಗಿದಳು. ಎರಡು ವಾರದ ಮೇಲೆ ಒಂದು ಸಾಲಿನ ಉತ್ತರ ಬಂತು: ತಮ್ಮ ಮನವಿಯನ್ನು ಪರಿಶೀಲಿಸಲಾಗುವುದು. ಅಷ್ಟೇ. ಅಡ್ಡಗೋಡೆಯ ಮೇಲೆ ದೀಪವಿಟ್ಟ ಹಾಗೆ. ಕಂಡಕ್ಟರ್ ಅದನ್ನು ಎರಡು ಸಲ ಓದಿ, ಟಿಕೆಟ್ಟಿನಷ್ಟೂ ಕೆಲಸಕ್ಕೆ ಬಾರದ ಕಾಗದ ಎಂದು ತೀರ್ಪು ಕೊಟ್ಟ.

ಮನೆಯಲ್ಲಿ ಕೂತ ಮಗಳಿಗೆ ಓದುವ ಹುಚ್ಚು ಹತ್ತಿತ್ತು. ಅವಳ ಪುಸ್ತಕ ಬದಲಿಸಿ ತರಲು ಚೆಕಿಂಗ್ ಅಕ್ಕ ಭಾನುವಾರ ಬೀದಿ ಕೊನೆಯ ಗ್ರಂಥಾಲಯಕ್ಕೆ ಹೋದಳು. ಅಲ್ಲಿ ಕೂತಿರುವ ಹೆಂಗಸನ್ನು ಎಲ್ಲರೂ ಲೈಬ್ರರಿ ಮೇಡಂ ಎನ್ನುತ್ತಿದ್ದರು. ಸಣ್ಣ ಧ್ವನಿ, ದಪ್ಪ ಕನ್ನಡಕ, ಯಾರ ಮಾತನ್ನೂ ಅರ್ಧಕ್ಕೆ ಕತ್ತರಿಸದ ಸ್ವಭಾವ. ಮಗಳ ಕೈ ಹೇಗಿದೆ ಎಂದು ಅವರು ವಿಚಾರಿಸಿದ್ದೇ ತಡ, ಅಕ್ಕ ಒಂದೇ ಉಸಿರಿಗೆ ಎಲ್ಲವನ್ನೂ ಸುರಿದಳು. ಇಲಾಖೆಯ ಉತ್ತರವನ್ನೂ ಚೀಲದಿಂದ ತೆಗೆದು ತೋರಿಸಿದಳು.

ಮೇಡಂ ಓದಿ ಕೇಳಿದರು: "ಅಕ್ಕಾ, ನಿಮ್ಮ ಹತ್ರ ಒಂದು ಅಂಗಿ ಬರುತ್ತೆ. ತೋಳಿನ ಪಟ್ಟೀಲಿ ಹೊಲಿಗೆ ಬಿಟ್ಟಿರುತ್ತೆ. ವಾಪಸ್ ಕಳಿಸುವಾಗ ಏನಂತ ಬರೀತೀರಿ? ಅಂಗಿ ಚೆನ್ನಾಗಿಲ್ಲ ಅಂತಲಾ?"

"ಹಂಗೆ ಬರೆದ್ರೆ ಹೊಲಿಯೋಳು ನನ್ನ ಮುಖಕ್ಕೇ ಎಸೀತಾಳೆ. ಎಡ ತೋಳು, ಒಳ ಅಂಚು, ಎರಡು ಹೊಲಿಗೆ ಬಿಟ್ಟಿದೆ ಅಂತ ಬರೀತೀನಿ."

"ಇಲಾಖೆಗೂ ಹಾಗೇ ಬರೀಬೇಕು. ನೀವು ಅವರ ಅಭಿಪ್ರಾಯ ಕೇಳಿದ್ರಿ. ಅಭಿಪ್ರಾಯ ಕೇಳಿದ್ರೆ ನುಣುಚ್ಕೊಳ್ತಾರೆ. ಕಾಗದ ಕೇಳಿ. ಯಾವ ಕಟ್ಟಡ, ಯಾವ ವರ್ಷ, ಯಾವ ವರದಿ, ಬಂದವರು ಯಾರು, ಅದರ ನಕಲು ಕೊಡಿ ಅನ್ನಿ. ಕಾಗದ ಇದ್ರೆ ಕೊಡ್ಲೇಬೇಕು, ಇಲ್ದಿದ್ರೆ ಇಲ್ಲ ಅಂತ ಬರೆದು ಕೊಡ್ಬೇಕು. ಎರಡೂ ನಮಗೆ ಲಾಭ."

ಆಮೇಲೆ ಮೇಡಂ ಬೀರುವಿನಿಂದ ಒಂದು ತೆಳು ಪುಸ್ತಕ ತೆಗೆದರು. ದೇಶದ ಮಾಹಿತಿ ಹಕ್ಕಿನ ಕಾನೂನು. ಇದು ಯಾರೋ ದೊಡ್ಡವರು ಕರುಣೆಯಿಂದ ಕೊಟ್ಟದ್ದಲ್ಲ, ಜನ ವರ್ಷಗಟ್ಟಲೆ ಬೀದಿಯಲ್ಲಿ ಕೂತು, ಏಟು ತಿಂದು, ಕೇಳಿ ಕೇಳಿ ಮಾಡಿಸಿಕೊಂಡದ್ದು ಎಂದರು. ಮುಖ್ಯವಾದ ಸಾಲುಗಳನ್ನು ಬೆರಳಿಟ್ಟು ಓದಿದರು. ಪ್ರತಿ ಸರ್ಕಾರಿ ಕಚೇರಿಯಲ್ಲೂ ಮಾಹಿತಿ ಕೊಡಲೆಂದೇ ಒಬ್ಬ ಅಧಿಕಾರಿ ಇರಬೇಕು. ಕೇಳುವವರು ಯಾಕೆ ಬೇಕು ಎಂದು ಹೇಳಬೇಕಾಗಿಲ್ಲ. ಬರೆಯಲು ಬಾರದವರಿದ್ದರೆ ಆ ಅಧಿಕಾರಿಯೇ ಬರೆದುಕೊಳ್ಳಲು ನೆರವಾಗಬೇಕು. ಮೂವತ್ತು ದಿನದೊಳಗೆ ಉತ್ತರ ಬರಬೇಕು. ಬಾರದಿದ್ದರೆ ಮೇಲಿನವರಿಗೆ ಮೇಲ್ಮನವಿ.

"ನಮ್ಮಂಥೋರಿಗೂ ಇದೇ ಕಾನೂನಾ?" ಎಂದು ಅಕ್ಕ ಕೇಳಿದಳು.

"ಮಂತ್ರಿಗೂ ಇದೇ, ಮಿಷನ್ ತುಳಿಯೋರಿಗೂ ಇದೇ. ಬೇರೆ ಬೇರೆ ಇದ್ದಿದ್ರೆ ಅದನ್ನ ಕಾನೂನು ಅಂತ ಯಾಕೆ ಕರೀಬೇಕು?"

ಇಬ್ಬರೂ ಕೂತು ಅರ್ಜಿ ಬರೆದರು. ನಾಲ್ಕು ಪುಟದ ಕಥೆ ಆರು ಸಾಲಿಗೆ ಇಳಿಯಿತು. ಅದರಲ್ಲಿ ಒಂದು 'ದಯವಿಟ್ಟು' ಕೂಡ ಇರಲಿಲ್ಲ. ಹಾಕಲೇ ಎಂದು ಅಕ್ಕ ಕೇಳಿದ್ದಳು. ಹಾಕಿದರೆ ತಪ್ಪಿಲ್ಲ, ಹಾಕದಿದ್ದರೂ ತಪ್ಪಿಲ್ಲ ಎಂದರು ಮೇಡಂ. ಅಕ್ಕ ಹಾಕಲಿಲ್ಲ.

ಬೆಂಕಿ ಇಲಾಖೆಯ ಕಚೇರಿಯಲ್ಲಿ ಕಿಟಕಿಯಾಚೆ ಕೂತಿದ್ದ ಗುಮಾಸ್ತ ಅರ್ಜಿಯನ್ನು ಹಿಂದುಮುಂದು ತಿರುಗಿಸಿದ. ನಾಳೆ ಬಾ ಎಂದ. ಅವಳು ನಿಂತೇ ಇದ್ದಳು. ಸಾಹೇಬರಿಲ್ಲ ಎಂದ. ಅರ್ಜಿ ತೆಗೆದುಕೊಳ್ಳಲು ಸಾಹೇಬರು ಬೇಕಿಲ್ಲ, ಠಸ್ಸೆ ಸಾಕು ಎಂದಳು. ಅವಳ ಹಿಂದೆ ಸಾಲು ಬೆಳೆಯುತ್ತಿತ್ತು, ಒಬ್ಬ ಮುದುಕ ಕೆಮ್ಮುತ್ತಿದ್ದ.

"ಇದೆಲ್ಲಾ ನಿಮಗ್ಯಾಕೆ ಬೇಕು?" ಎಂದ ಗುಮಾಸ್ತ ಕೊನೆಗೆ.

"ಯಾಕೆ ಅಂತ ನಾನು ಹೇಳ್ಬೇಕಾಗಿಲ್ಲ ಅಂತ ಕಾನೂನಲ್ಲಿದೆ. ನೀವು ಓದಿಲ್ಲ ಅಂದ್ರೆ ಪುಸ್ತಕ ತಂದಿದೀನಿ, ಕೊಡ್ತೀನಿ."

ಸಾಲಿನಲ್ಲಿದ್ದವರು ನಕ್ಕರು. ಠಸ್ಸೆ ಬಿತ್ತು. ಸ್ವೀಕೃತಿ ಚೀಟಿಯನ್ನು ಅವಳು ಮೂರು ಸಲ ಓದಿ, ತಾರೀಖು ಸರಿಯಿದೆಯೇ ನೋಡಿ, ಆಮೇಲೆ ಮಡಚಿದಳು. ಕಿಟಕಿ ಬಿಟ್ಟು ಬರುವಾಗ ಅವಳಿಗೆ ಬಹಳ ವರ್ಷಗಳ ಮೇಲೆ ತನ್ನ ಮೇಲೇ ಖುಷಿಯಾಗಿತ್ತು.

ಕಚೇರಿಯ ಕಿಟಕಿಗೂ ಕಾರ್ಖಾನೆಯ ಕೋಣೆಗೂ ಅದೇನು ಒಳದಾರಿಯಿತ್ತೋ. ಮೂರನೇ ದಿನಕ್ಕೆ ಮ್ಯಾನೇಜರನಿಗೆ ಸುದ್ದಿ ಮುಟ್ಟಿತ್ತು. ಹದಿನೆಂಟು ವರ್ಷ ಕೂತ ಮೇಜಿನಿಂದ ಅವಳನ್ನು ಎಬ್ಬಿಸಿ ಕೆಳಗೆ ಪೆಟ್ಟಿಗೆ ಕಟ್ಟುವ ಕಡೆಗೆ ಹಾಕಿದರು. ಅವಳ ಜೊತೆ ಊಟಕ್ಕೆ ಕೂರುತ್ತಿದ್ದವರಲ್ಲಿ ಅರ್ಧ ಜನ ಬೇರೆ ಕಡೆ ಡಬ್ಬಿ ಬಿಚ್ಚತೊಡಗಿದರು. ಅವರ ಮೇಲೆ ಅವಳಿಗೆ ಸಿಟ್ಟು ಬರಲಿಲ್ಲ, ಅವರ ಮನೆಯಲ್ಲೂ ಒಲೆ ಉರಿಯಬೇಕಲ್ಲ. ಗಂಡ ಮಾತ್ರ ದಿನಾ ಒಂದೇ ರಾಗ ಹಾಡುತ್ತಿದ್ದ. ಮಗಳ ಕೈ ವಾಸಿಯಾಗಿತ್ತು, ಅವಳು ಮತ್ತೆ ಮೂರನೇ ಮಹಡಿಗೆ ಹತ್ತುತ್ತಿದ್ದಳು. ಹಿಂಬಾಗಿಲ ಮುಂದೆ ಮೂಟೆಗಳು ಮೊದಲಿಗಿಂತ ಎತ್ತರವಾಗಿದ್ದವು. ಪೆಟ್ಟಿಗೆ ಕಟ್ಟುತ್ತಾ ಮೇಲೆ ಏನಾದರೂ ಬಿದ್ದ ಸದ್ದಾದರೆ ಅಕ್ಕ ಕೈಯಲ್ಲಿದ್ದ ಪೆಟ್ಟಿಗೆ ಬಿಟ್ಟು ಮೆಟ್ಟಿಲ ಕಡೆ ಓಡುತ್ತಿದ್ದಳು.

ಇಪ್ಪತ್ತೆಂಟನೇ ದಿನ ಉತ್ತರ ಬಂತು. ಕೇಳಿದ ವಿಷಯ ಖಾಸಗಿ ಕಂಪನಿಗೆ ಸೇರಿದ್ದು, ಕೊಡಲು ಬರುವುದಿಲ್ಲ.

ನಾನು ಆಗಲೇ ಹೇಳಿರಲಿಲ್ವಾ ಎಂದ ಕಂಡಕ್ಟರ್. ಆದರೆ ಲೈಬ್ರರಿ ಮೇಡಂ ಆ ಕಾಗದ ನೋಡಿ ನಕ್ಕರು. ಇಲ್ಲ ಎಂದಿಲ್ಲ ನೋಡಿ, ಅಂದರೆ ಕಾಗದ ಇದೆ ಎಂದಾಯಿತು ಎಂದರು. ಅಲ್ಲೇ ಮೇಲ್ಮನವಿ ಬರೆದರು.

ದೊಡ್ಡ ಕಚೇರಿಯಲ್ಲಿ ಮೇಲಧಿಕಾರಿಯ ಮುಂದೆ ವಿಚಾರಣೆಯ ದಿನ ಅಕ್ಕ ಕೆಲಸಕ್ಕೆ ರಜೆ ಹಾಕಿ ಹೋದಳು. ಗಂಡನೂ ಜೊತೆಗೆ ಬಂದ. ನಂಬಿಕೆಯಿಂದಲ್ಲ, ಹೆಂಡತಿ ಏನಾದರೂ ಹೆಚ್ಚು ಮಾತಾಡಿದರೆ ಕೈಹಿಡಿದು ಎಳೆದುಕೊಂಡು ಬರಲು. ಮೇಲಧಿಕಾರಿ ವಯಸ್ಸಾದ ಮನುಷ್ಯ. ಕಂಪನಿಯ ವಿಷಯ ನಾವು ಹೇಗೆ ಬಹಿರಂಗ ಮಾಡುವುದಮ್ಮ ಎಂದು ಸಮಾಧಾನದಿಂದಲೇ ಕೇಳಿದರು.

"ಸಾರ್, ಆ ವರದಿ ಬರೆದಿದ್ದು ಕಂಪನಿಯವರಲ್ಲ, ನಿಮ್ಮ ಇಲಾಖೆಯವರು. ಬರೆದಿದ್ದು ಅಂಗಿ ಬಗ್ಗೆ ಅಲ್ಲ, ನಮ್ಮ ಜೀವದ ಬಗ್ಗೆ. ನಮ್ಮ ಜೀವ ಖಾಸಗಿ ಆದ್ರೆ ಅದು ನಮಗೆ ಖಾಸಗಿ. ಮ್ಯಾನೇಜರಿಗೆ ಹೇಗೆ ಖಾಸಗಿ ಆಗುತ್ತೆ?"

ಕಂಡಕ್ಟರ್ ಕೈಹಿಡಿದು ಎಳೆಯಲಿಲ್ಲ. ಬಾಯಿ ತೆರೆದುಕೊಂಡು ಹೆಂಡತಿಯನ್ನೇ ನೋಡುತ್ತಿದ್ದ. ಮೇಲಧಿಕಾರಿ ಸ್ವಲ್ಪ ಹೊತ್ತು ಕಡತ ತಿರುವಿ, ಹತ್ತು ದಿನದಲ್ಲಿ ನಕಲು ಕೊಡಬೇಕೆಂದು ಆದೇಶ ಬರೆದರು.

ಒಂಬತ್ತನೇ ದಿನ ದಪ್ಪ ಲಕೋಟೆ ಬಂತು. ಸಂಜೆ ಮೂವರೂ ಅಡುಗೆಮನೆಯ ಮೇಜಿಗೆ ಕೂತರು. ಚೆಕಿಂಗ್ ಅಕ್ಕ ತನ್ನ ಪದ್ಧತಿಯಂತೆ ಒಂದೊಂದೇ ಹಾಳೆಯ ಹಿಂದುಮುಂದು ನೋಡಿ ಪಕ್ಕಕ್ಕಿಟ್ಟಳು. ಎರಡನೇ ಹಾಳೆಯಲ್ಲಿ ಹೀಗಿತ್ತು: ಮೂರನೇ ಮಹಡಿಯ ಹಿಂಬಾಗಿಲು ಸದಾ ತೆರೆದಿರುತ್ತದೆ. ಮೆಟ್ಟಿಲುಗಳಲ್ಲಿ ಅಡೆತಡೆಯಿಲ್ಲ. ಕಾರ್ಮಿಕರನ್ನು ಆ ಬಾಗಿಲಿನಿಂದ ಇಳಿಸಿ ಪರೀಕ್ಷಿಸಲಾಗಿದೆ. ಎಂಥ ಹಸಿ ಸುಳ್ಳು. ಯಾರು ಈ ಸುಳ್ಳಿಗೆ ಸಾಕ್ಷಿ ನಿಂತ ಪುಣ್ಯಾತ್ಮರು ಎಂದು ಹಾಳೆಯ ಕೆಳಗೆ ಕಣ್ಣು ಹಾಯಿಸಿದಳು. 'ಕಾರ್ಮಿಕರ ಪರವಾಗಿ' ಎಂದು ಬರೆದಿತ್ತು. ಅದರ ಮುಂದೆ ಒಂದು ಸಹಿ.

ಅದು ಅವಳದೇ ಸಹಿ.

ಯಾರೂ ನಕಲು ಮಾಡಿದ್ದಲ್ಲ. ಕೊನೆಯ ಅಕ್ಷರದ ಬಾಲವನ್ನು ಹಾಗೆ ಎಳೆಯುವುದು ಅವಳೊಬ್ಬಳೇ. ತಾರೀಖು ನೋಡಿದಾಗ ನೆನಪಾಯಿತು. ತಿಂಗಳ ಕೊನೆ, ಲಾರಿ ಕೆಳಗೆ ನಿಂತಿತ್ತು, ಮೇಜಿನ ಮೇಲೆ ಅಂಗಿಗಳ ಗುಡ್ಡೆ. ಸೂಪರ್‌ವೈಸರ್ ಬಂದು ಮಡಚಿದ ಕಾಗದವನ್ನು ಎರಡು ಅಂಗಿಗಳ ನಡುವೆ ಇಟ್ಟು, ಕುಡಿಯುವ ನೀರಿನ ಫಿಲ್ಟರ್ ಬಂದಿದೆ, ಸೀನಿಯರ್ ಅಂತ ನೀವೊಂದು ಸಹಿ ಹಾಕಿ ಅಂದಿದ್ದ. ಅವಳು ಕೈಯಲ್ಲಿದ್ದ ಅಂಗಿಯಿಂದ ಕಣ್ಣು ತೆಗೆಯದೆ, ಎಡಗೈಯಲ್ಲಿ ಕಾಗದ ಒತ್ತಿಹಿಡಿದು ಗೀಚಿದ್ದಳು. ಅಂಗಿ ನೋಡದೆ ಚೀಟಿ ಅಂಟಿಸದವಳು ಕಾಗದ ನೋಡದೆ ಸಹಿ ಹಾಕಿದ್ದಳು. ಮಗಳ ದಾರಿಗೆ ಬೀಗ ಜಡಿದ ಕೈಗಳಲ್ಲಿ ತನ್ನದೂ ಒಂದು.

ಕಂಡಕ್ಟರ್ ಎದ್ದು ಕಿಟಕಿ ಮುಚ್ಚಿ ಬಂದ. ಹಾಳೆಯ ಮೇಲೆ ಅಂಗೈ ಇಟ್ಟು, ತಗ್ಗಿದ ದನಿಯಲ್ಲಿ, ಇದನ್ನು ಹರಿದುಹಾಕೋಣ, ನಮ್ಮ ಮೂವರಿಗೆ ಬಿಟ್ಟರೆ ಯಾರಿಗೂ ಗೊತ್ತಿಲ್ಲ ಎಂದ. ನಾಳೆ ಇದು ಹೊರಗೆ ಬಂದರೆ ಮ್ಯಾನೇಜರ್ ನಿನ್ನ ಕಡೆಗೇ ಬೆರಳು ತೋರಿಸುತ್ತಾನೆ ಎಂದ. ಅವನು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಅಕ್ಕನಿಗೂ ಒಂದು ಗಳಿಗೆ ಹಾಗೇ ಅನ್ನಿಸಿತು. ಹರಿದುಬಿಟ್ಟರೆ ಮಾನ ಉಳಿಯುತ್ತದೆ. ಅವಳು ಮಗಳ ಮುಖ ನೋಡಲಾರದೆ ತಲೆ ತಗ್ಗಿಸಿ ಕೂತಳು.

ಹುಡುಗಿ ಹಾಳೆಯನ್ನು ಅಪ್ಪನ ಕೈಕೆಳಗಿಂದ ಮೆಲ್ಲಗೆ ಎಳೆದುಕೊಂಡು ಮತ್ತೊಮ್ಮೆ ಓದಿದಳು.

"ಅಮ್ಮ, ನಂಗೆ ಬೇಜಾರಾಗಿದೆ. ಆಗಿಲ್ಲ ಅನ್ನಲ್ಲ" ಎಂದಳು. "ಆದ್ರೆ ಇದನ್ನ ಹರಿದ್ರೆ ನಿನಗೂ ಮ್ಯಾನೇಜರಿಗೂ ಏನು ವ್ಯತ್ಯಾಸ? ಅವನೂ ಕಾಗದ ಬಚ್ಚಿಡ್ತಾನೆ, ನೀನೂ ಬಚ್ಚಿಡ್ತೀಯ. ನಾನು ಮಾತ್ರ ನಾಳೆ ಮತ್ತೆ ಅದೇ ಮೂಟೆಗಳ ಪಕ್ಕ ಕೂತ್ಕೋಬೇಕು."

ಅಕ್ಕ ಅತ್ತಳು. ಸದ್ದು ಮಾಡಿಯೇ ಅತ್ತಳು. ಅತ್ತು ಮುಗಿದ ಮೇಲೆ ಮುಖ ತೊಳೆದು ಬಂದು, ಹಾಳೆಯನ್ನು ಲಕೋಟೆಯೊಳಗಿಟ್ಟಳು. ಮರುದಿನ ಬೆಳಿಗ್ಗೆ ಗ್ರಂಥಾಲಯದ ಪಕ್ಕದ ಅಂಗಡಿಯಲ್ಲಿ ಅದಕ್ಕೆ ಇಪ್ಪತ್ತು ನಕಲು ತೆಗೆಸಿದಳು. ಒಂದನ್ನು ಲೈಬ್ರರಿ ಮೇಡಂ ಕೈಗೆ ಕೊಟ್ಟಳು. ಇನ್ನೊಂದರ ಜೊತೆ ಒಂದು ಪತ್ರ ಸೇರಿಸಿ ಮೇಲಧಿಕಾರಿಗೆ ಕಳಿಸಿದಳು. ಈ ವರದಿ ಸುಳ್ಳು, ಇದರ ಕೆಳಗಿನ ಸಹಿ ನನ್ನದು, ಓದದೆ ಹಾಕಿದೆ, ಈಗ ಓದಿದ್ದೇನೆ, ಬಂದು ಬಾಗಿಲು ನೋಡಿ ಎಂಬಷ್ಟೇ ಆ ಪತ್ರದಲ್ಲಿತ್ತು. ಉಳಿದ ನಕಲುಗಳನ್ನು ಊಟದ ಡಬ್ಬಿಯ ಚೀಲದಲ್ಲಿಟ್ಟುಕೊಂಡು ಕೆಲಸಕ್ಕೆ ಹೋದಳು.

ಮಧ್ಯಾಹ್ನ ಊಟದ ಕೋಣೆಯಲ್ಲಿ ಅವಳು ಬೆಂಚಿನ ಮೇಲೆ ಹತ್ತಿ ನಿಂತಳು. ವರದಿಯನ್ನು ಮೊದಲಿಂದ ಕೊನೆತನಕ ಓದಿದಳು. 'ಸದಾ ತೆರೆದಿರುತ್ತದೆ' ಎಂಬಲ್ಲಿ ಮೂರನೇ ಮಹಡಿಯವರು ಗೊಳ್ಳೆಂದು ನಕ್ಕರು. ಸಹಿ ಯಾರದೆಂದು ಹೇಳಿದಾಗ ನಗು ನಿಂತಿತು. ಬೈಯುವವರು ಬೈಯಿರಿ, ಬೈಗುಳಕ್ಕೆ ನಾನು ತಕ್ಕವಳೇ, ಬೈದು ಮುಗಿದ ಮೇಲೆ ನನ್ನ ಜೊತೆ ಮೇಲಕ್ಕೆ ಬನ್ನಿ ಎಂದಳು. ಒಬ್ಬಳು ನಿಜವಾಗಿಯೂ ಬೈದಳು. ಬೈದವಳೇ ಮೊದಲು ಎದ್ದಳು.

ಮೂರನೇ ಮಹಡಿಯಲ್ಲಿ ಹೆಂಗಸರು ಸಾಲು ನಿಂತು ಮೂಟೆಗಳನ್ನು ಕೈಯಿಂದ ಕೈಗೆ ದಾಟಿಸತೊಡಗಿದರು. ಸದ್ದು ಕೇಳಿ ಮ್ಯಾನೇಜರ್ ಓಡಿಬಂದ. ಅಷ್ಟು ಹೊತ್ತಿಗೆ ಬೀಗ ಕಾಣುತ್ತಿತ್ತು. ಕಂಪನಿಯ ಗುಟ್ಟಿನ ಕಾಗದ ಕದ್ದವರು ಯಾರು ಎಂದು ಅವನು ಕೂಗಾಡಿದ. ಅಕ್ಕ ಲಕೋಟೆಯ ಮೇಲಿದ್ದ ಸರ್ಕಾರದ ಠಸ್ಸೆ ತೋರಿಸಿದಳು.

"ಕದ್ದಿಲ್ಲ. ಕೇಳಿ ತಗೊಂಡಿದೀನಿ. ಈ ಬಾಗಿಲು ಸದಾ ತೆರೆದಿರುತ್ತೆ ಅಂತ ನೀವೇ ಬರೆಸಿದೀರಿ, ನಾನೇ ಸಹಿ ಹಾಕಿದೀನಿ. ನಂದು ತಪ್ಪು, ನಾನು ಒಪ್ಕೊಂಡೆ. ಈಗ ಎರಡೇ ದಾರಿ. ಕಾಗದ ಸುಳ್ಳು ಅಂತ ನೀವೂ ಒಪ್ಕೊಳ್ಳಿ, ಇಲ್ಲ ಬೀಗ ತೆಗೆದು ಕಾಗದ ನಿಜ ಮಾಡಿ. ಅಲ್ಲೀತನಕ ಈ ಮಹಡೀಲಿ ಒಂದು ಗುಂಡಿನೂ ಹೊಲಿಯಲ್ಲ."

ಕೆಲಸದಿಂದ ತೆಗೆಯುತ್ತೇನೆ ಎಂದ ಮ್ಯಾನೇಜರ್. ತೆಗೆಯುವಾಗ ಕಾರಣ ಬರೆದು ಕೊಡಿ, ಅದರ ನಕಲೂ ಬೇಕು ಎಂದಳು ಹಿಂದಿನಿಂದ ಯಾರೋ. ಪೊಲೀಸರನ್ನು ಕರೆಯುತ್ತೇನೆ ಎಂದ. ಕರೆಯಿರಿ, ವರದಿಯ ನಕಲು ಅವರಿಗೂ ಇದೆ ಎಂದರು. ಬೀಗದ ಕೈ ಎಲ್ಲಿದೆ ಎಂದು ಹುಡುಕಿದರೆ ಅದು ಯಾರಿಗೂ ಗೊತ್ತಿಲ್ಲ. ಬೀಗ ಹಾಕಿದ ಗೇಟಿನ ಕಾವಲುಗಾರ ಕೆಲಸ ಬಿಟ್ಟು ಎರಡು ವರ್ಷವಾಗಿತ್ತಂತೆ. ಕೇಳಿದಿರಾ? ಬೆಂಕಿ ಹತ್ತಿದ್ದರೆ ತೆಗೆಯೋಣವೆಂದರೂ ಕೈ ಇರಲಿಲ್ಲ.

ಆ ದಿನ ತೆಗೆಯಲಿಲ್ಲ. ಮರುದಿನವೂ ಇಲ್ಲ. ಎರಡು ದಿನ ಮೂರನೇ ಮಹಡಿಯಲ್ಲಿ ಮಿಷನ್ನುಗಳು ಸುಮ್ಮನಿದ್ದವು. ಮೂರನೇ ದಿನ ಬೆಳಿಗ್ಗೆ ಮೇಲಧಿಕಾರಿ ತಾವೇ ಬಂದರು. ಅಕ್ಕನ ಪತ್ರ ಅವರ ಕೈಯಲ್ಲಿತ್ತು. ಬಾಗಿಲು ನೋಡಿ, ವರದಿ ನೋಡಿ, ಬೀಗ ಕತ್ತರಿಸಲು ಹೇಳಿದರು. ತುಕ್ಕು ಹಿಡಿದ ಬಾಗಿಲು ಕಿರ್ರೆಂದು ತೆರೆದಾಗ ಮೆಟ್ಟಿಲ ಕಡೆಯಿಂದ ಗಾಳಿ ಒಳಗೆ ಬಂತು. ಸುಳ್ಳು ವರದಿ ಬರೆದ ತಪಾಸಣೆಗಾರನಿಗೂ ಕಂಪನಿಗೂ ನೋಟಿಸ್ ಹೋಯಿತು. ಆ ಕೋಣೆಯಲ್ಲಿ ಎಲ್ಲರಿಗಿಂತ ಮೊದಲು ಹೊರಗೆ ಕಾಲಿಡಬೇಕಾದವಳು ಯಾರೆಂದು ಯಾರೂ ಹೇಳಬೇಕಾಗಲಿಲ್ಲ. ದಾರಿ ಬಿಟ್ಟರು. ಹುಡುಗಿ ಕಂಬಿ ಹಿಡಿದು, ಮೆಟ್ಟಿಲಿಗೆ ಎರಡು ಪಾದ ಊರುತ್ತಾ, ತನ್ನದೇ ನಿಧಾನದಲ್ಲಿ ಇಳಿದಳು. ಯಾರೂ ತಳ್ಳಲಿಲ್ಲ.

ಹೆಂಗಸರ ಒತ್ತಾಯಕ್ಕೆ ಅಕ್ಕನಿಗೆ ಅವಳ ಮೇಜು ವಾಪಸು ಸಿಕ್ಕಿತು. ಕಂಡಕ್ಟರ್ ಒಂದು ವಾರ ಹೆಂಡತಿಯ ಸುತ್ತಮುತ್ತ ಸುಳಿದಾಡಿ, ಆಮೇಲೆ ಗಂಟಲು ಸರಿಮಾಡಿಕೊಂಡು, ನಮ್ಮ ಡಿಪೋದ ಬಸ್ಸುಗಳ ಬ್ರೇಕ್ ತಪಾಸಣೆ ವರದಿ ಕೇಳಬೇಕೆಂದರೆ ಅರ್ಜಿ ಹೇಗೆ ಬರೆಯುವುದು ಎಂದು ಕೇಳಿದ. ಬ್ರೇಕ್ ಚೆನ್ನಾಗಿದೆಯಾ ಅಂತ ಮಾತ್ರ ಕೇಳಬೇಡಿ ಎಂದಳು ಅವಳು.

ಆ ತಿಂಗಳಲ್ಲೇ ಲೈಬ್ರರಿ ಮೇಡಂ ಹೊಸ ಸುದ್ದಿ ತಂದರು. ಸರ್ಕಾರ ಮಾಹಿತಿಯ ಬಗ್ಗೆ ರಾಷ್ಟ್ರೀಯ ನೀತಿಯೊಂದರ ಕರಡು ಹೊರಡಿಸಿತ್ತು. ಜನರ ಜೀವಕ್ಕೆ ಸಂಬಂಧಿಸಿದ ತಪಾಸಣೆ ವರದಿಗಳನ್ನು ಯಾರೂ ಅರ್ಜಿ ಹಾಕದೆಯೇ, ಆಯಾ ಕಟ್ಟಡದ ಬಾಗಿಲಲ್ಲೇ, ಅಲ್ಲಿನವರು ಓದುವ ಭಾಷೆಯಲ್ಲಿ ಅಂಟಿಸಬೇಕು, ಓದಲು ಬಾರದವರಿಗೆ ಓದಿ ಹೇಳಬೇಕು ಎಂದು ಅದರಲ್ಲಿತ್ತು. ಬೇಡ ಎನ್ನುವವರು ಆಗಲೇ ದೊಡ್ಡ ದೊಡ್ಡ ಲಕೋಟೆಗಳಲ್ಲಿ ಆಕ್ಷೇಪಣೆ ಕಳಿಸುತ್ತಿದ್ದರು. ಬೇಕು ಎನ್ನುವವರು ಒಂದು ಅಂಚೆ ಕಾರ್ಡು ಬರೆದರೂ ಸಾಕಿತ್ತು, ಕೊನೆಯ ತಾರೀಖಿಗೆ ಹನ್ನೊಂದು ದಿನ ಉಳಿದಿತ್ತು. ಕಾರ್ಖಾನೆಯಿಂದ ನೂರ ಎಪ್ಪತ್ತು ಕಾರ್ಡುಗಳು ಹೋದವು. ಚೆಕಿಂಗ್ ಅಕ್ಕನ ಕಾರ್ಡಿನಲ್ಲಿ ಇಷ್ಟಿತ್ತು:

'ನನ್ನ ಮಗಳು ಕೂರುವ ಕೋಣೆಯ ಬಗ್ಗೆ ಒಂದು ಸುಳ್ಳು ಬರೆದಿದ್ದರು. ಅದಕ್ಕೆ ನಾನೇ ಸಹಿ ಹಾಕಿದ್ದೆ. ಆ ಕಾಗದ ಬಾಗಿಲಲ್ಲಿ ಅಂಟಿಸಿದ್ದಿದ್ದರೆ ಮೊದಲನೇ ದಿನವೇ ಇನ್ನೂರು ಜನ ಓದಿ ನನ್ನನ್ನು ಹಿಡಿಯುತ್ತಿದ್ದರು. ನನ್ನನ್ನು ಹಿಡಿಯುವ ನೀತಿ ಬೇಕು ಎಂದು ನಾನೇ ಕೇಳುತ್ತಿದ್ದೇನೆ.'

ಓದುತ್ತಿರುವ ಅಕ್ಕ, ಅಣ್ಣ, ತಂಗಿ, ನಿಮಗೆ ಹೇಳುತ್ತಿದ್ದೇವೆ. ನೀವು ಕೆಲಸ ಮಾಡುವ ಕಟ್ಟಡ, ನಿಮ್ಮ ಮಕ್ಕಳ ಶಾಲೆ, ನೀವು ಹತ್ತುವ ಲಿಫ್ಟು, ನಿಮ್ಮ ನಲ್ಲಿಯ ನೀರು, ಇವುಗಳಲ್ಲಿ ಎಷ್ಟೋ ವಿಷಯಕ್ಕೆ ಯಾವುದೋ ಬೀರುವಿನಲ್ಲಿ ಒಂದು ಸರ್ಕಾರಿ ವರದಿ ಇರುತ್ತದೆ. ಅದು ನಿಮ್ಮ ಬಗ್ಗೆ ಬರೆದದ್ದು, ನಿಮ್ಮದು. ಅಭಿಪ್ರಾಯ ಕೇಳಬೇಡಿ, ಕಾಗದ ಕೇಳಿ. ಯಾಕೆ ಬೇಕು ಎಂದು ಕೇಳಿದರೆ ಕಾರಣ ಹೇಳಬೇಕಾಗಿಲ್ಲ, ಸ್ವೀಕೃತಿ ಚೀಟಿ ಇಲ್ಲದೆ ಕಿಟಕಿ ಬಿಡಬೇಡಿ. ಇಲ್ಲ ಎಂದರೆ ಮೇಲಿನವರನ್ನು ಕೇಳಿ. ದೇಶದ ನೀತಿ ಬರೆಯುವವರು ನಿಮ್ಮ ಮಾತು ಕೇಳಿದಾಗ ಒಂದು ಕಾರ್ಡಾದರೂ ಬರೆಯಿರಿ. ಬರೆಯಲು ಬಾರದಿದ್ದರೆ ಬರೆಯಬಲ್ಲವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೇಳಿ ಬರೆಸಿ. ನಿಮ್ಮ ಮುಂದೆ ಯಾರಾದರೂ ಮಡಚಿದ ಕಾಗದ ಇಟ್ಟು ಇಲ್ಲೊಂದು ಸಹಿ ಎಂದರೆ, ಲಾರಿ ಕಾಯಲಿ, ಸಾಹೇಬರು ಕಾಯಲಿ, ಮೊದಲು ಬಿಚ್ಚಿ ಓದಿ. ನಿಮಗ್ಯಾಕೆ ಎಂದು ಅವರು ಕೇಳೇ ಕೇಳುತ್ತಾರೆ. ಒಳಗಿರುವವರು ನಾವು, ಅದಕ್ಕೇ ಎನ್ನಿ.